ಒಡಂಬಡಿಕೆಗೆ ಸಹಿ ಬಿದ್ದ ಮೇಲೆ ಕುಲುಮೆಯ ಮುಂದೆ ನಿಲ್ಲುವವರು ಯಾರು?

ಕರ್ನಾಟಕದ ಉನ್ನತ ಶಿಕ್ಷಣ ಸಚಿವರಿಗೂ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರಿಗೂ ಬೆಳಗಾವಿಯ ಉದ್ಯಮಬಾಗದಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ಕಾಲೇಜಿನ ಮಾತೆತ್ತಿದರೆ ಅದು ಉನ್ನತ ಶಿಕ್ಷಣ ಇಲಾಖೆಗೆ ಸೇರಿದ್ದು ಎನ್ನುತ್ತಾರೆ. ಕುಲುಮೆಯ ಮಾತೆತ್ತಿದರೆ ಕೈಗಾರಿಕಾ ಇಲಾಖೆಗೆ ಹೋಗಿ ಎನ್ನುತ್ತಾರೆ. ನನ್ನ ಅಹವಾಲು ಈ ಎರಡರ ನಡುವೆ ಯಾರಿಗೂ ಸೇರದೆ ಬಿದ್ದಿರುವ ಜಾಗದ್ದು. ಸಣ್ಣ ಕೈಗಾರಿಕೆಗೆ ಮೂರನೆಯ ಸಚಿವರೊಬ್ಬರಿದ್ದಾರೆ. ಅವರಿಗೂ ಒಂದು ಪ್ರತಿ ಹೋಗಿದೆ.

ವಿಶ್ವವಿದ್ಯಾಲಯ ಮತ್ತು ಉದ್ಯಮ ಕೈಜೋಡಿಸಬೇಕು ಎಂದು ಹೇಳದ ಘಟಿಕೋತ್ಸವ ಭಾಷಣವನ್ನು ನಾನು ಇದುವರೆಗೆ ಕೇಳಿಲ್ಲ. ಕೈಜೋಡಿಸುವ ಕಾರ್ಯಕ್ರಮಗಳಿಗೂ ಬರವಿಲ್ಲ. ವೇದಿಕೆಯ ಮೇಲೆ ಪ್ರಾಂಶುಪಾಲರು, ಪಕ್ಕದಲ್ಲಿ ಕಾರ್ಖಾನೆಯವರು, ಕೈಯಲ್ಲಿ ನೀಲಿ ಫೈಲು, ಶಾಲು, ಹಾರ, ಫೋಟೊ. ಮರುದಿನ ಪತ್ರಿಕೆಯ ಮೂರನೆಯ ಪುಟದಲ್ಲಿ ‘ಒಡಂಬಡಿಕೆಗೆ ಸಹಿ’ ಎಂಬ ಸುದ್ದಿ. ಆಮೇಲೆ ಆ ಫೈಲು ಕಪಾಟು ಸೇರುತ್ತದೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಮತ್ತೆ ಹೊರಬರುತ್ತದೆ. ತಂಡ ಹೋದ ಮೇಲೆ ಪುನಃ ಕಪಾಟು. ಇದರಲ್ಲಿ ಯಾರದೂ ದುರುದ್ದೇಶವಿಲ್ಲ. ಒಡಂಬಡಿಕೆಯಲ್ಲಿ ಕೆಲಸ ಮಾಡುವವರ ಹೆಸರಿರುವುದಿಲ್ಲ, ಅವರ ಸಂಬಳದ ಬಾಬ್ತು ಇರುವುದಿಲ್ಲ. ಹಾಗಾಗಿ ಕೆಲಸವೂ ಆಗುವುದಿಲ್ಲ, ಅಷ್ಟೆ.

ನಾನು ಎರಕದ ಕೆಲಸದವನು. ಉದ್ಯಮಬಾಗ, ಮಚ್ಛೆಗಳಲ್ಲಿ ನಮ್ಮಂಥ ಶೆಡ್‌ಗಳು ಸಾಲುಸಾಲಾಗಿವೆ. ಟ್ರ್ಯಾಕ್ಟರಿನ ಭಾಗ, ಪಂಪಿನ ಹೊರಕವಚ, ವಾಲ್ವ್, ಹೈಡ್ರಾಲಿಕ್ ಬಿಡಿಭಾಗ ಇಂಥವೇ ನಮ್ಮ ಬದುಕು. ನಮ್ಮ ಊರಿನಲ್ಲೇ, ಅದೇ ಮಚ್ಛೆಯ ಕಡೆಗೆ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳಿಗೆ ತಾಯಿಮನೆ ಅದು. ಹೀಗೆ ಕುಲುಮೆಯೂ ವಿದ್ಯೆಯೂ ಒಂದೇ ರಸ್ತೆಯಲ್ಲಿ ಸಿಗುವ ಊರುಗಳು ಹೆಚ್ಚಿಲ್ಲ. ಆದರೆ ರಸ್ತೆ ಒಂದೇ ಆದ ಮಾತ್ರಕ್ಕೆ ಓಡಾಟ ಇದೆ ಎಂದಲ್ಲ.

ಏನು ಕೆಟ್ಟಿದೆ ಎಂಬುದನ್ನು ಒಂದು ವಾಲ್ವಿನ ಮೂಲಕವೇ ಹೇಳುತ್ತೇನೆ. ಎಸ್‌ಜಿ ಐರನ್ ಎಂಬ ಬಗೆಯ ಎರಕದ ಕಬ್ಬಿಣದಲ್ಲಿ ಹೊಯ್ಯುವ ವಾಲ್ವ್‌ನ ಒಡಲು ಅದು. ಮಾಮೂಲಿ ಬೀಡು ಕಬ್ಬಿಣದಲ್ಲಿ ಗ್ರಾಫೈಟ್ ಚಕ್ಕೆಚಕ್ಕೆಯಾಗಿ ಕೂರುತ್ತದೆ, ಹಾಗಾಗಿ ಪೆಟ್ಟು ಬಿದ್ದರೆ ಒಡೆಯುತ್ತದೆ. ಕರಗಿದ ಲೋಹಕ್ಕೆ ಸ್ವಲ್ಪ ಮೆಗ್ನೀಸಿಯಂ ಸೇರಿಸಿದರೆ ಗ್ರಾಫೈಟ್ ಗುಂಡುಗುಂಡಾಗಿ ಕೂರುತ್ತದೆ, ಲೋಹಕ್ಕೆ ಬಾಗುವ ಗುಣ ಬರುತ್ತದೆ. ತೊಂದರೆಯೆಂದರೆ ಮೆಗ್ನೀಸಿಯಂ ಕಾಯುವುದಿಲ್ಲ. ಸೇರಿಸಿದ ಹತ್ತು ಹನ್ನೆರಡು ನಿಮಿಷದೊಳಗೆ ಲೋಹ ಮೋಲ್ಡ್, ಅಂದರೆ ಮರಳಿನ ಅಚ್ಚು, ಸೇರಬೇಕು, ಇಲ್ಲದಿದ್ದರೆ ಅದರ ಕಸುವು ಇಳಿಯುತ್ತಾ ಹೋಗುತ್ತದೆ. ನಮ್ಮ ವಾಲ್ವ್‌ಗಳು ನೀರಿನ ಒತ್ತಡದ ಪರೀಕ್ಷೆಯಲ್ಲಿ ಕುತ್ತಿಗೆಯ ಬಳಿ ಬೆವರುತ್ತಿದ್ದವು. ಕೊಯ್ದು ನೋಡಿದರೆ ಒಳಗೆ ಲೋಹ ಗಟ್ಟಿಯಾಗುವಾಗ ಕುಗ್ಗಿ ಆದ ಸೂಜಿಮೊನೆಯಂಥ ರಂಧ್ರಗಳು.

ಹತ್ತಿರದ ಕಾಲೇಜೊಂದರ ಮೇಷ್ಟ್ರು ಬಂದರು. ಕಾಲೇಜಿನ ಹೆಸರು ಬೇಡ. ಮೇಷ್ಟ್ರು ಒಳ್ಳೆಯವರು, ಕೆಲಸ ಬಲ್ಲವರು. ಕೊನೆಯ ವರ್ಷದ ಹುಡುಗರನ್ನು ಕರೆತಂದು ಕಂಪ್ಯೂಟರಿನಲ್ಲಿ ಎರಕ ಗಟ್ಟಿಯಾಗುವ ಬಗೆಯನ್ನು ತೋರಿಸಿದರು. ಕುತ್ತಿಗೆಯ ಜಾಗ ಕಡೆಯವರೆಗೂ ಕೆಂಪಾಗಿ ಉಳಿಯುತ್ತಿತ್ತು, ಅಂದರೆ ಅಲ್ಲಿಗೆ ಲೋಹ ಪೂರೈಕೆಯಾಗುವ ಮುನ್ನವೇ ದಾರಿ ಮುಚ್ಚುತ್ತಿತ್ತು. ಕುಗ್ಗುವ ಜಾಗಕ್ಕೆ ಲೋಹ ಉಣಿಸುವ ರೈಸರ್ ಸರಿಸಿದೆವು, ಬೇಗ ತಣಿಸಲು ಚಿಲ್ ಎಂಬ ಲೋಹದ ತುಂಡೊಂದನ್ನು ಇಟ್ಟೆವು. ಮರಳಿನ ಅಚ್ಚು ಕಟ್ಟುವ ಪೆಟ್ಟಿಗೆಗಳಲ್ಲಿ ಹೊಯ್ದ ಮಾದರಿಗಳು ಚೆನ್ನಾಗಿ ಬಂದವು. ಹುಡುಗರು ಕಪ್ಪು ರಟ್ಟಿನ ಮೇಲೆ ಬಂಗಾರದ ಅಕ್ಷರ ಹೊಡೆಸಿದ ವರದಿಯನ್ನು ತಂದುಕೊಟ್ಟರು, ಪೇಢೆ ತಿಂದು ಹೋದರು.

ಮುಖ್ಯ ಉತ್ಪಾದನೆ ಶುರುವಾದ ಮೇಲೆ ವಾಲ್ವ್‌ಗಳು ಮತ್ತೆ ಬೆವರತೊಡಗಿದವು. ಎಲ್ಲವೂ ಅಲ್ಲ, ಕೆಲವು. ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು, ಹುಡುಗರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಸೇರಿದ್ದರು, ಮೇಷ್ಟ್ರನ್ನು ಮಾನ್ಯತಾ ಸಮಿತಿಯ ಕಡತದ ಕೆಲಸಕ್ಕೆ ಹಾಕಿದ್ದರು. ಕೊನೆಗೆ ಗುಟ್ಟು ಹಿಡಿದದ್ದು ನಮ್ಮ ರಾತ್ರಿ ಪಾಳಿಯಲ್ಲಿ ಅಚ್ಚು ಕಟ್ಟುವ ಮೋಲ್ಡರ್. ಸೋರುವ ವಾಲ್ವ್‌ಗಳೆಲ್ಲ ಗೋಡೆಯ ಪಕ್ಕದ ಸಾಲಿನವು ಎಂದು ಅವನು ಹೇಳಿದ. ಗೋಡೆಯ ಸಾಲಿಗೆ ಕರಗಿದ ಲೋಹ ಹೊಯ್ಯುವ ಲ್ಯಾಡಲ್ ತಲುಪುವುದು ಎಲ್ಲಕ್ಕಿಂತ ಕೊನೆಗೆ. ರಾತ್ರಿ ಆಳು ಕಡಿಮೆ, ಒಂದೇ ಲ್ಯಾಡಲ್‌ನಲ್ಲಿ ಹೆಚ್ಚು ಪೆಟ್ಟಿಗೆ ಹೊಯ್ಯುತ್ತಿದ್ದರು. ಅಲ್ಲಿಗೆ ಬರುವಷ್ಟರಲ್ಲಿ ಲೋಹ ಆರಿರುತ್ತಿತ್ತು, ಮೆಗ್ನೀಸಿಯಂ ಇಳಿದಿರುತ್ತಿತ್ತು. ಲ್ಯಾಡಲ್ ಚಿಕ್ಕದು ಮಾಡಿದೆವು, ಸರಿಹೋಯಿತು.

ಕಂಪ್ಯೂಟರ್ ಹೇಳಿದ್ದು ತಪ್ಪಾಗಿರಲಿಲ್ಲ, ಮೇಷ್ಟ್ರದೂ ತಪ್ಪಿರಲಿಲ್ಲ. ಆದರೆ ಮಾದರಿ ಚೆನ್ನಾಗಿ ಬರುವುದು ಬೇರೆ, ನೂರು ಪೆಟ್ಟಿಗೆ ಬಿಡದೆ ಚೆನ್ನಾಗಿ ಬರುವುದು ಬೇರೆ. ಮೊದಲನೆಯದು ಮುಗಿದಾಗ ಕಾಲೇಜಿನ ಪಾಲಿಗೆ ಕೆಲಸ ಮುಗಿಯುತ್ತದೆ, ನಮ್ಮ ಪಾಲಿಗೆ ಅಲ್ಲಿಂದಲೇ ಶುರು. ಗೋಡೆಯ ಸಾಲಿನ ಸಂಗತಿ ಆ ಕಪ್ಪು ರಟ್ಟಿನ ವರದಿಯಲ್ಲಿಲ್ಲ. ಮುಂದಿನ ವರ್ಷದ ಹುಡುಗರಿಗೆ ಅದು ಗೊತ್ತಿಲ್ಲ, ಪಕ್ಕದ ಶೆಡ್‌ನವರಿಗೂ ಗೊತ್ತಿಲ್ಲ. ಅವರೂ ಇದೇ ಪೆಟ್ಟು ತಿನ್ನುತ್ತಾರೆ.

ತಂತ್ರಜ್ಞಾನ ಎಷ್ಟು ಪಕ್ವವಾಗಿದೆ ಎಂದು ಅಳೆಯಲು 1ರಿಂದ 9ರವರೆಗಿನ ಮೆಟ್ಟಿಲುಗಳ ಲೆಕ್ಕವೊಂದಿದೆ. ನಾಸಾದವರು ರೂಢಿಗೆ ತಂದದ್ದು, ಈಗ ಹಲವು ದೇಶಗಳ ಸರ್ಕಾರಗಳೂ ಬಳಸುತ್ತವೆ. ಪ್ರಯೋಗಾಲಯದ ಮೇಜಿನ ಮೇಲೆ ಸಾಬೀತಾಗುವುದು ನಾಲ್ಕನೆಯ ಮೆಟ್ಟಿಲು. ಕಾರ್ಖಾನೆಯ ನಿಜವಾದ ವಾತಾವರಣದಲ್ಲಿ ಓಡಿ ತೋರಿಸುವುದು ಏಳನೆಯದು. ನಾಲ್ಕರವರೆಗೆ ಬರಲು ಕಾಲೇಜಿಗೆ ಅನುದಾನ ಸಿಗುತ್ತದೆ. ಏಳರಿಂದ ಮುಂದಕ್ಕೆ ಬ್ಯಾಂಕು ಸಾಲ ಕೊಡುತ್ತದೆ. ನಡುವಿನ ಐದು, ಆರು ಮೆಟ್ಟಿಲು ನಮ್ಮಂಥವರ ಪಾಲಿಗೆ ಯಾರ ತಲೆಯ ಮೇಲೂ ಇಲ್ಲ.

ದೊಡ್ಡವರಿಗೆ ಇದು ತೊಡಕೇ ಅಲ್ಲ. ಲೋಹದ ಪುಡಿಯನ್ನು ಪದರಪದರವಾಗಿ ಕರಗಿಸಿ ಬಿಡಿಭಾಗ ಮಾಡುವ ದೇಶೀಯ ಯಂತ್ರವೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ವಿಪ್ರೊ ಸೇರಿ ಕಟ್ಟಿ 2018ರಲ್ಲಿ ತೋರಿಸಿದವು. ಅದಕ್ಕೆ ಕೇಂದ್ರದ ಭಾರಿ ಕೈಗಾರಿಕಾ ಇಲಾಖೆಯ ಬೆಂಬಲವೂ ಇತ್ತು. ಸಂತೋಷ. ಅದೇ ಇಲಾಖೆ ಬಂಡವಾಳ ಸರಕು, ಅಂದರೆ ಯಂತ್ರೋಪಕರಣ ತಯಾರಿಸುವ ವಲಯಕ್ಕಾಗಿ 2022ರಲ್ಲಿ ಪ್ರಕಟಿಸಿದ ಎರಡನೇ ಹಂತದ ಯೋಜನೆಯ ಗಾತ್ರ 1,207 ಕೋಟಿ ರೂಪಾಯಿ. ಅದರಲ್ಲಿ 975 ಕೋಟಿ ಸರ್ಕಾರದ್ದು, 232 ಕೋಟಿ ಉದ್ಯಮದ್ದು. 2025ರ ಜುಲೈಯಲ್ಲಿ ಕೇಂದ್ರ ಸಂಪುಟ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನಾ ನಿಧಿಗೂ ಒಪ್ಪಿಗೆ ಕೊಟ್ಟಿದೆ. ಹಣವಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಈ ಯೋಜನೆಗಳ ಅರ್ಜಿ ತುಂಬಲು ಪ್ರತ್ಯೇಕ ಆಳು ಬೇಕು. ನಲವತ್ತು ಜನ ದುಡಿಯುವ ಫೌಂಡ್ರಿಯಲ್ಲಿ ಅರ್ಜಿ ತುಂಬುವವನೂ ನಾನೇ, ಗುಜರಿ ಕಬ್ಬಿಣದ ತೂಕ ನೋಡುವವನೂ ನಾನೇ.

ನಮ್ಮ ನಾಡಿಗೆ ಈ ಕೆಲಸ ಹೊಸದೇನಲ್ಲ. ಮೊದಲ ಮಹಾಯುದ್ಧ ಶುರುವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತಿತು. ಅದುವರೆಗೆ ಕೊರಡನ್ನು ಹೊರಗೆ ಮಾರುತ್ತಿದ್ದೆವು, ಎಣ್ಣೆ ತೆಗೆದು ಲಾಭ ಮಾಡಿಕೊಳ್ಳುತ್ತಿದ್ದವರು ಹೊರಗಿನವರು. ಗೋದಾಮಿನಲ್ಲಿ ಕೊರಡು ರಾಶಿ ಬಿತ್ತು. ಆಗ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಹದಕ್ಕೆ ತಂದರು. 1916ರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಬೆಂಗಳೂರಿನಲ್ಲಿ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲ. ಎಲ್ಲರೂ ಈ ಕಥೆಯನ್ನು ದೂರದೃಷ್ಟಿಯ ಕಥೆಯಾಗಿ ಹೇಳುತ್ತಾರೆ. ನನಗೆ ಕಾಣುವುದು ಬೇರೆ: ಕೊರಡು ಯಾರದೋ ಅವರೇ ತಜ್ಞರ ಬಾಗಿಲಿಗೆ ಹೋದರು, ಕಾರ್ಖಾನೆ ಕಟ್ಟುವ ಹಣವೂ ಅವರ ಕೈಯಲ್ಲೇ ಇತ್ತು. ಪ್ರಯೋಗಾಲಯದಲ್ಲಿ ಎಣ್ಣೆ ಬಂದ ಮೇಲೆ ಮುಂದೇನು ಎಂದು ಕೇಳುವ ಪ್ರಮೇಯವೇ ಬರಲಿಲ್ಲ.

ವಿಮಾನದ ಕಥೆಯೂ ಹಾಗೆಯೇ. 1940ರಲ್ಲಿ ಬೆಂಗಳೂರಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ವಿಮಾನ ಕಾರ್ಖಾನೆ ಬಂತು, ಎರಡೇ ವರ್ಷಕ್ಕೆ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಆ ವಿಭಾಗವನ್ನು ಕಟ್ಟಿದ ವಿ. ಎಂ. ಘಾಟಗೆಯವರೇ ಮುಂದೆ ಕಾರ್ಖಾನೆಗೆ ಹೋಗಿ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸದ ಮುಂದಾಳತ್ವ ವಹಿಸಿದರು. 1951ರಲ್ಲಿ ಅದು ಹಾರಿತು. ಇಂದು ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರು ಎರಡು ವರ್ಷ ಕಾರ್ಖಾನೆಯಲ್ಲಿ ಕೆಲಸ ಮಾಡಿ ಮರಳುತ್ತೇನೆ ಎಂದರೆ ಅವರ ಸೇವಾ ಹಿರಿತನದ ಗತಿ ಏನಾಗುತ್ತದೆ ಎಂದು ನಿಮ್ಮ ಇಲಾಖೆಯವರನ್ನೇ ಕೇಳಿ ನೋಡಿ.

ಬಡ್ತಿಯ ಲೆಕ್ಕಕ್ಕೂ ಇದಕ್ಕೂ ನೇರ ಸಂಬಂಧವಿದೆ. ವಿಶ್ವವಿದ್ಯಾಲಯಗಳ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಅಂಕಪಟ್ಟಿಯಲ್ಲಿ ಎಂಜಿನಿಯರಿಂಗ್ ವಿಷಯದ ಒಂದು ಸಂಶೋಧನಾ ಪ್ರಬಂಧಕ್ಕೆ 8 ಅಂಕ, ಹೊರಗಿನವರಿಗೆ ಸಲಹೆ ಕೊಡುವ ಕನ್ಸಲ್ಟೆನ್ಸಿಗೆ 3 ಅಂಕ. ತಾಂತ್ರಿಕ ಕಾಲೇಜುಗಳಿಗೆ ತಾಂತ್ರಿಕ ಶಿಕ್ಷಣ ಪರಿಷತ್ತಾದ ಎಐಸಿಟಿಇಯ ಪ್ರತ್ಯೇಕ ನಿಯಮಗಳಿವೆ, ನಿಜ. ಆದರೆ ಕಾಲೇಜಿನ ಒಳಗಿನ ಗಾಳಿ ಬೀಸುವುದು ಇದೇ ದಿಕ್ಕಿನಿಂದ. ರಾತ್ರಿ ಪಾಳಿಯಲ್ಲಿ ಕುಲುಮೆಯ ಮುಂದೆ ನಿಂತು ಗೋಡೆಯ ಸಾಲಿನ ಕಾರಣ ಕಂಡುಹಿಡಿದರೆ ಮೂರು, ಮನೆಯಲ್ಲಿ ಕುಳಿತು ಯಾರೂ ಓದದ ಪ್ರಬಂಧ ಬರೆದರೆ ಎಂಟು. ಮೇಷ್ಟ್ರುಗಳು ಎಂಟನ್ನು ಆರಿಸಿಕೊಂಡರೆ ಅವರನ್ನು ಬೈಯುವ ಬಾಯಿ ನನಗಿಲ್ಲ.

ಹಾಗೆಂದು ನಮ್ಮ ಕಡೆಯವರೆಲ್ಲ ಸಾಚಾ ಎಂದು ಭಾವಿಸಬೇಡಿ. ಇಂಟರ್ನ್‌ಶಿಪ್‌ಗೆ ಬಂದ ಹುಡುಗನಿಗೆ ಬಿಲ್ಲು ಜೋಡಿಸುವ ಕೆಲಸ ಕೊಟ್ಟು, ಕೊನೆಗೆ ಪ್ರಮಾಣಪತ್ರಕ್ಕೆ ಸೀಲು ಒತ್ತುವ ಮಾಲೀಕರು ಬೇಕಾದಷ್ಟಿದ್ದಾರೆ. ಮೇಷ್ಟ್ರಿಂದ ಪುಕ್ಕಟೆ ಸಲಹೆ ಪಡೆದು, ಪ್ರಯೋಗಕ್ಕೆ ನಾಲ್ಕು ಪೆಟ್ಟಿಗೆ ಲೋಹ ಕೊಡಿ ಎಂದಾಗ ಮುಖ ತಿರುಗಿಸುವವರಿದ್ದಾರೆ. ರಿಜೆಕ್ಷನ್, ಅಂದರೆ ಕೆಟ್ಟು ತಿರಸ್ಕೃತವಾದ ಎರಕ, ಎಷ್ಟು ಎಂದು ಕೇಳಿದರೆ ಎರಡು ಪರ್ಸೆಂಟ್ ಎನ್ನುತ್ತಾರೆ. ಶೆಡ್ಡಿನ ಹಿಂದೆ ಹೋಗಿ ಮರುಕರಗಿಸಲು ಪೇರಿಸಿಟ್ಟ ರಾಶಿಯನ್ನು ನೋಡಿದರೆ ಬೇರೆಯೇ ಕಥೆ. ಇನ್ನೊಂದು ಅಡ್ಡಿ ನಮ್ಮ ಕೈಯಲ್ಲಿಲ್ಲ. ನಾವು ಎರಕ ಹೊಯ್ಯುವ ಭಾಗದ ಡ್ರಾಯಿಂಗ್ ನಮ್ಮದಲ್ಲ, ಗಿರಾಕಿ ಕಂಪನಿಯದು. ಅದನ್ನು ಹೊರಗೆ ತೋರಿಸುವುದಿಲ್ಲ ಎಂದು ಬರೆದುಕೊಟ್ಟಿರುತ್ತೇವೆ. ಹಾಗಿರುವಾಗ ಅದೇ ಭಾಗದ ಮೇಲೆ ವಿದ್ಯಾರ್ಥಿ ಪ್ರಬಂಧ ಬರೆದು ಪ್ರಕಟಿಸಿದರೆ ನಮ್ಮ ಆರ್ಡರು ಹೋಗುತ್ತದೆ. ಒಡಂಬಡಿಕೆಯ ಫೈಲಿನಲ್ಲಿ ಈ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಇನ್ನು ಬೇರೆಯವರು ಏನು ಮಾಡಿದ್ದಾರೆ ಎಂಬುದು. ಪಕ್ಕದ ತಮಿಳುನಾಡಿನ ಕೊಯಮತ್ತೂರಿಗೇ ಹೋಗಿ ನೋಡಬಹುದು. ಅಲ್ಲಿ ಪಿಎಸ್‌ಜಿ ಕೈಗಾರಿಕಾ ಸಂಸ್ಥೆ 1926ರಲ್ಲೇ ಶುರುವಾಯಿತು. ಎಂಜಿನಿಯರಿಂಗ್ ಕಾಲೇಜು ಬಂದದ್ದು 1951ರಲ್ಲಿ, ಅದರ ಪಕ್ಕದಲ್ಲೇ. ಮೊದಲು ಕಾರ್ಖಾನೆ, ಆಮೇಲೆ ಕಾಲೇಜು. ಮೋಟರು, ಪಂಪು ತಯಾರಾಗುವ ಅಂಗಳದಲ್ಲೇ ಪಾಠ. ಆ ಊರು ಪಂಪಿಗೂ ಎರಕಕ್ಕೂ ಹೆಸರಾದದ್ದು ಸುಮ್ಮನೆ ಅಲ್ಲ. ಜರ್ಮನಿಯಲ್ಲಿ 1949ರಲ್ಲಿ ಹುಟ್ಟಿದ ಫ್ರೌನ್‌ಹೋಫರ್ ಸಂಸ್ಥೆಗಳ ಜಾಲ ನಡುವಿನ ಮೆಟ್ಟಿಲುಗಳಿಗೆಂದೇ ಇದೆ. ಅವುಗಳ ನಿರ್ದೇಶಕರು ಸಾಮಾನ್ಯವಾಗಿ ಪಕ್ಕದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಹೌದು. ಖರ್ಚಿನ ಮೂರನೆಯ ಒಂದು ಭಾಗದ ಆಸುಪಾಸು ಸರ್ಕಾರ ನಿಶ್ಚಿತವಾಗಿ ಕೊಡುತ್ತದೆ. ಉಳಿದದ್ದನ್ನು ಯೋಜನೆಗಳಿಂದ, ಕಾರ್ಖಾನೆಗಳ ಕೆಲಸದಿಂದ ದುಡಿಯಬೇಕು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ವಿಶ್ವವಿದ್ಯಾಲಯ ಮತ್ತು ಬೋಯಿಂಗ್ ಕಂಪನಿ ಸೇರಿ 2001ರಲ್ಲಿ ಶುರುಮಾಡಿದ ಉತ್ಪಾದನಾ ಸಂಶೋಧನಾ ಕೇಂದ್ರ, ಹಳೆಯ ಓರ್‌ಗ್ರೀವ್ ಕೋಕ್ ಕಾರ್ಖಾನೆಯ ಬಯಲಿನಲ್ಲಿ ಬೆಳೆದಿದೆ. ಅಲ್ಲಿ ಕೆಲಸ ಕಲಿಯುವ ಅಪ್ರೆಂಟಿಸ್ ಹುಡುಗರಿಗೂ ತರಬೇತಿ ಕೇಂದ್ರವಿದೆ. ಉಕ್ಕಿನ ಊರು ಸೋತು ಕುಳಿತಿದ್ದಾಗ ಮಾಡಿದ ಕೆಲಸ ಅದು.

ಎರಕದವರ ಪಾಲಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಎರಕದ ವಿನ್ಯಾಸದ ಮೇಲೆ ಪಿಎಚ್.ಡಿ. ಮಾಡಿದ ಬಿ. ರವಿಯವರು ಐಐಟಿ ಬಾಂಬೆಯಲ್ಲಿ ಪ್ರಾಧ್ಯಾಪಕರಾಗಿ ಅದೇ ದಾರಿಯಲ್ಲಿ ಮುಂದುವರಿದರು. ಆಟೊಕಾಸ್ಟ್ ಎಂಬ ತಂತ್ರಾಂಶ ಆ ಕೆಲಸದಿಂದ ಬಂತು. ಸಣ್ಣವರೂ ವಿದ್ಯಾರ್ಥಿಗಳೂ ಅಂತರ್ಜಾಲದಲ್ಲೇ ಎರಕವನ್ನು ಪರೀಕ್ಷಿಸಿಕೊಳ್ಳಲು ಇ-ಫೌಂಡ್ರಿ ಬಂತು. 2023ರಲ್ಲಿ ಅವರು ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ (ಎನ್‌ಐಟಿಕೆ) ನಿರ್ದೇಶಕರಾದರು. ಒಂದೇ ಸಮಸ್ಯೆಯ ಬೆನ್ನು ಬಿಡದೆ ದಶಕಗಟ್ಟಲೆ ಕೂರಲು ಒಬ್ಬರಿಗೆ ಅವಕಾಶ ಸಿಕ್ಕಿದ್ದರಿಂದ ಆದದ್ದು ಇದು. ನಾಲ್ಕು ತಿಂಗಳ ಸೆಮಿಸ್ಟರಿನಲ್ಲಿ ಆಗುತ್ತಿರಲಿಲ್ಲ.

ಆದ್ದರಿಂದ ನಾನು ಕೇಳುತ್ತಿರುವುದು ಹೊಸ ಕಟ್ಟಡವನ್ನಲ್ಲ, ಶ್ರೇಷ್ಠತಾ ಕೇಂದ್ರ ಎಂಬ ಹೊಸ ಫಲಕವನ್ನಂತೂ ಅಲ್ಲವೇ ಅಲ್ಲ. ಬೆಳಗಾವಿಯಲ್ಲಿ ಒಂದು ನಡುಮನೆ ಬೇಕು: ಅರ್ಧ ಟನ್ನಿನ ಇಂಡಕ್ಷನ್ ಕುಲುಮೆ, ಮೋಲ್ಡಿಂಗ್ ಯಂತ್ರ, ಮರಳು ಪರೀಕ್ಷೆಯ ಸಲಕರಣೆ, ಲೋಹದಲ್ಲಿ ಏನೆಷ್ಟಿದೆ ಎಂದು ಅಳೆಯುವ ಸ್ಪೆಕ್ಟ್ರೋಮೀಟರ್, ಒತ್ತಡ ಪರೀಕ್ಷೆಯ ಮೇಜು ಇರುವ ಶೆಡ್. ಪ್ಯಾಟರ್ನ್, ಅಂದರೆ ಮರಳಿನಲ್ಲಿ ಆಕಾರ ಮೂಡಿಸುವ ಪಡಿಯಚ್ಚು, ಇಲ್ಲದೆ ಮರಳಿನ ಮೋಲ್ಡನ್ನೇ ಮುದ್ರಿಸುವ ಯಂತ್ರ ಆಮೇಲೆ ಬಂದರೂ ಆದೀತು. ಅದನ್ನು ಮೊದಲು ತಂದರೆ ಮಂತ್ರಿಗಳ ಫೋಟೊಗೆ ಅನುಕೂಲ, ನಮಗಲ್ಲ. ಇವುಗಳಲ್ಲಿ ಕೆಲವು ಈಗಲೇ ಊರಿನಲ್ಲಿ ಅಲ್ಲೊಂದು ಇಲ್ಲೊಂದು ಇವೆ, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆಯೂ ಇದೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಯ ಹುಡುಗರನ್ನು ಕಾರ್ಖಾನೆಗಳು ಹುಡುಕಿಕೊಂಡು ಹೋಗುವುದು ಅವರು ಯಂತ್ರದ ಮೇಲೆ ಕೈಯಿಟ್ಟು ಕಲಿತಿರುತ್ತಾರೆ ಎಂಬ ಕಾರಣಕ್ಕೇ.

ಯಂತ್ರಕ್ಕಿಂತ ಆಳು ಮುಖ್ಯ. ಒಬ್ಬ ಲೋಹತಜ್ಞ, ಒಬ್ಬ ಪ್ಯಾಟರ್ನ್ ಮೇಸ್ತ್ರಿ, ಕುಲುಮೆಯ ಮುಂದೆ ಕೂದಲು ನರೆಸಿಕೊಂಡ ಒಬ್ಬ ಅನುಭವಿ. ಮೂವರಿಗೂ ಕನಿಷ್ಠ ಐದು ವರ್ಷದ ಖಾತರಿ ಸಂಬಳ. ಗುತ್ತಿಗೆಯ ಹನ್ನೊಂದು ತಿಂಗಳ ಆದೇಶದಲ್ಲಿ ಬಂದವನು ಹತ್ತನೆಯ ತಿಂಗಳು ಬೇರೆ ಕೆಲಸ ಹುಡುಕುತ್ತಿರುತ್ತಾನೆ. ಮೂರನೆಯವನಿಗೆ ಪದವಿ ಇರಲೇಬೇಕೆಂಬ ಷರತ್ತು ಹಾಕಬೇಡಿ. ಗೋಡೆಯ ಸಾಲನ್ನು ಗುರುತಿಸಿದವನು ಹತ್ತನೇ ತರಗತಿ ದಾಟಿಲ್ಲ. ಕಾಲೇಜಿನ ಮೇಷ್ಟ್ರುಗಳು ಸರದಿಯಂತೆ ಒಂದು ಪೂರ್ಣ ಸೆಮಿಸ್ಟರ್ ಇಲ್ಲಿ ದುಡಿಯಲಿ, ಅದು ಬೋಧನಾ ಅವಧಿ ಎಂದೇ ಎಣಿಕೆಯಾಗಲಿ, ಬಡ್ತಿಯಲ್ಲಿ ಪ್ರಬಂಧಕ್ಕೆ ಸರಿಸಮನಾಗಿ ನಿಲ್ಲಲಿ. ಇದಕ್ಕೆ ಕೇಂದ್ರದ ಒಪ್ಪಿಗೆ ಎಲ್ಲೆಲ್ಲಿ ಬೇಕೋ ಅದನ್ನು ಕೇಳಿ ಪತ್ರ ಬರೆಯುವುದು ನಿಮ್ಮ ಕೆಲಸ.

ಹಣದ ವಿಚಾರದಲ್ಲಿ ಒಂದೇ ಮಾತು: ಅನುದಾನವನ್ನು ಕಾಲೇಜಿಗೆ ಕೊಡಬೇಡಿ, ಚೀಟಿಯ ರೂಪದಲ್ಲಿ ಸಣ್ಣ ಕಾರ್ಖಾನೆಗೆ ಕೊಡಿ. ಐರ್ಲೆಂಡಿನಲ್ಲಿ ಸಣ್ಣ ಉದ್ಯಮಗಳಿಗೆ ಹೀಗೆ 5,000 ಯೂರೊ ಮೌಲ್ಯದ ಚೀಟಿ ಕೊಡುವ ಪದ್ಧತಿ ಶುರುಮಾಡಿದ್ದರು. ಅದನ್ನು ಹಿಡಿದುಕೊಂಡು ಉದ್ಯಮಿ ತನಗೆ ಬೇಕಾದ ವಿದ್ಯಾಸಂಸ್ಥೆಗೆ ಹೋಗಿ ಇದು ನನ್ನ ಸಮಸ್ಯೆ ಎನ್ನಬಹುದು. ಕೆಲಸ ಮಾಡಿಕೊಟ್ಟ ಸಂಸ್ಥೆ ಚೀಟಿಯನ್ನು ಸರ್ಕಾರಕ್ಕೆ ಕೊಟ್ಟು ಹಣ ಪಡೆಯುತ್ತದೆ. ಚೀಟಿ ನಮ್ಮ ಕೈಯಲ್ಲಿದ್ದರೆ ಕಾಲೇಜೇ ನಮ್ಮ ಬಾಗಿಲಿಗೆ ಬರುತ್ತದೆ. ಚೀಟಿಯ ಮೊತ್ತದ ಕಾಲು ಭಾಗವನ್ನಾದರೂ ನಾವು ಕೈಯಿಂದ ಹಾಕುವಂತೆ ಮಾಡಿ. ಬಿಟ್ಟಿ ಸಿಕ್ಕಿದ್ದಕ್ಕೆ ನಮ್ಮವರು ಬೆಲೆ ಕೊಡುವುದಿಲ್ಲ.

ಇನ್ನೊಂದು ಷರತ್ತು ನನ್ನದೇ. ಈ ನಡುಮನೆಯಲ್ಲಿ ಸೋತ ಪ್ರಯೋಗಗಳಿಗೂ ಒಂದು ದಾಖಲೆ ಪುಸ್ತಕ ಇರಬೇಕು. ಗಿರಾಕಿಯ ಹೆಸರಿಲ್ಲದೆ, ಡ್ರಾಯಿಂಗ್ ಇಲ್ಲದೆ, ಇಂಥ ಲೋಹ, ಇಂಥ ದಪ್ಪ, ಇಂಥ ತಾಪ, ಇಲ್ಲಿ ಕೆಟ್ಟಿತು, ಕಾರಣ ಇದು ಎಂದಷ್ಟೇ ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿಡಬೇಕು. ನಮ್ಮ ಶೆಡ್‌ಗಳಲ್ಲಿ ಎರಡೂ ನುಡಿಯವರಿದ್ದಾರೆ. ಗೆದ್ದದ್ದನ್ನು ಬರೆಯಲು ಪತ್ರಿಕೆಗಳಿವೆ, ಸೋತದ್ದನ್ನು ಬರೆದಿಡಲು ಎಲ್ಲೂ ಜಾಗವಿಲ್ಲ.

ಬೆಂಗಳೂರಿನಲ್ಲಿ ಇಂಥ ಸೌಲಭ್ಯಗಳು ಇಲ್ಲವೇ ಎಂದು ನಿಮ್ಮ ಅಧಿಕಾರಿಗಳು ಟಿಪ್ಪಣಿ ಬರೆಯಬಹುದು. ಇವೆ. 1962ರಿಂದ ಸೆಂಟ್ರಲ್ ಮ್ಯಾನುಫ್ಯಾಕ್ಚರಿಂಗ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್ ತುಮಕೂರು ರಸ್ತೆಯಲ್ಲಿದೆ, ಒಳ್ಳೆಯ ಕೆಲಸ ಮಾಡಿದೆ. ಕಾರ್ಖಾನೆಗಳಿಗೆ ಡಿಜಿಟಲ್ ತಂತ್ರ ತಲುಪಿಸುವ ಕೇಂದ್ರದ ‘ಸಮರ್ಥ್ ಉದ್ಯೋಗ್’ ಯೋಜನೆಯ ಕೇಂದ್ರವೊಂದು ಅಲ್ಲಿದೆ, ಇನ್ನೊಂದು ವಿಜ್ಞಾನ ಸಂಸ್ಥೆಯಲ್ಲಿದೆ. ಆದರೆ ಐನೂರು ಕಿಲೊಮೀಟರ್ ದೂರದಿಂದ ಮರಳಿನ ತೇವ ನೋಡಲು ಯಾರೂ ಬರುವುದಿಲ್ಲ, ನಾವೂ ಒಂದು ವಾಲ್ವ್ ಹಿಡಿದುಕೊಂಡು ರಾತ್ರಿ ಬಸ್ ಹತ್ತುವುದಿಲ್ಲ.

ಎಲ್ಲವನ್ನೂ ಒಂದೇ ಬಾರಿಗೆ ಮಾಡಿ ಎನ್ನುವುದಿಲ್ಲ. ಶುರುಮಾಡಲು ಮಳೆಗಾಲದ ಮರಳನ್ನು ತೆಗೆದುಕೊಳ್ಳಿ. ಬೆಳಗಾವಿಯ ಮಳೆ ನಿಮಗೆ ಗೊತ್ತು. ಜೂನ್‌ನಿಂದ ಮರಳು ಒದ್ದೆಯಾಗಿ ಬರುತ್ತದೆ, ಗಾಳಿಯಲ್ಲೇ ತೇವ ಇರುತ್ತದೆ. ಬೇಸಿಗೆಯಲ್ಲಿ ಹಾಕುವಷ್ಟೇ ನೀರು ಹಾಕಿದರೆ ಎರಕದ ಮೈಮೇಲೆ ಗಾಳಿಗುಳ್ಳೆ ಏಳುತ್ತವೆ. ಮರಳಿನ ಹದವನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ ಹೇಳುವ ಮೇಸ್ತ್ರಿಗಳು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಇದು ಪ್ರತಿಯೊಂದು ಶೆಡ್‌ನ ಗೋಳು, ಇದರಲ್ಲಿ ಯಾವ ಕಂಪನಿಯ ಡ್ರಾಯಿಂಗೂ ಇಲ್ಲ, ಗುಟ್ಟೂ ಇಲ್ಲ. ದಿನಕ್ಕೆರಡು ಸಲ ತೇವ ಅಳೆದು, ಆ ದಿನದ ರಿಜೆಕ್ಷನ್ ಜೊತೆ ಹೊಂದಿಸಿ ನೋಡುವ ಕೆಲಸಕ್ಕೆ ಕೋಟಿ ಬೇಕಿಲ್ಲ. ವಿದ್ಯಾರ್ಥಿಗಳು ಬರಲಿ, ಅವರ ಜೊತೆ ಮೇಷ್ಟ್ರು ಮಳೆ ಮುಗಿಯುವವರೆಗೂ ಇರಲಿ. ನಮ್ಮ ಶೆಡ್ಡಿನ ಮರಳನ್ನು ಎಷ್ಟು ಬೇಕಾದರೂ ತೆಗೆದುಕೊಂಡು ಹೋಗಬಹುದು, ರಿಜೆಕ್ಷನ್‌ನ ನಿಜವಾದ ಲೆಕ್ಕವನ್ನೂ ಕೊಡುತ್ತೇನೆ. ಒಪ್ಪಂದಕ್ಕೆ ಸಹಿ ಬೇಡ, ಗೇಟಿನ ಪುಸ್ತಕದಲ್ಲಿ ಹೆಸರು ಬರೆದರೆ ಸಾಕು.

ಇತಿ,
ಉದ್ಯಮಬಾಗದ ಫೌಂಡ್ರಿ ಮಾಲೀಕ
ಬೆಳಗಾವಿ